24 ಸಾವಿರ ಡಾಲರ್, ನಾಲ್ಕು ದಿನದ ಶೂಟಿಂಗ್, ಒಂದೂ ಡೈಲಾಗ್ ಇಲ್ಲ

1959ರ ಅಮೆರಿಕನ್ ಪೋಲಿ ಕಾಮಿಡಿ 'ದಿ ಇಮ್ಮಾರಲ್ ಮಿಸ್ಟರ್ ಟೀಸ್' ಈಗ ನೋಡಿದ್ರೆ ಆಕಳಿಕೆ ಗ್ಯಾರಂಟಿ. ಒಬ್ಬ ಪೆದ್ದ ಸೈಕಲ್ ಹತ್ಕೊಂಡು ಹಲ್ಲಿನ ಡಾಕ್ಟರ್‌ಗಳಿಗೆ ಸಾಮಾನು ಸಪ್ಲೈ ಮಾಡ್ತಿರ್ತಾನೆ, ಒಂದಿನ ಹಲ್ಲು ಕೀಳಿಸ್ಕೊಳ್ಳೋಕೆ ಅನಸ್ತೇಷಿಯಾ ಕೊಡ್ತಾರೆ, ಅವತ್ತಿಂದ ಅವನ ಕಣ್ಣಿಗೆ ಹೆಂಗಸರೆಲ್ಲ ಬಟ್ಟೆ ಇಲ್ದೇ ಕಾಣ್ತಾರೆ. ಕಥೆ ಇಷ್ಟೇ. ಆದ್ರೆ ಇದು ಹಿಂಗೇ ಯಾಕಾಯ್ತು ಅನ್ನೋದು ಸಿನಿಮಾಗಿಂತ ಮಜವಾಗಿದೆ.

ಆಗ ಹಾಲಿವುಡ್‌ಗೆ ಹೇಸ್ ಕೋಡ್ ಅಂತ ಕಟ್ಟುಪಾಡು, ಬೆತ್ತಲೆ ತೋರಿಸೋ ಹಾಗೇ ಇಲ್ಲ. ತೋರಿಸ್ಬೇಕಂದ್ರೆ ಇದ್ದ ಕಳ್ಳದಾರಿ ನ್ಯೂಡಿಸ್ಟ್ ಕ್ಯಾಂಪ್ (ಬಟ್ಟೆ ಇಲ್ದೇ ಇರೋರ ಶಿಬಿರ) ಸಿನಿಮಾಗಳು, ಅಂದ್ರೆ ಬಿಸಿಲು, ವಾಲಿಬಾಲ್, ಆರೋಗ್ಯ ಅಂತ ಉಪದೇಶ. ಅಂಥದ್ದೇ ಒಂದು, 'ಗಾರ್ಡನ್ ಆಫ್ ಈಡನ್', ನ್ಯೂಯಾರ್ಕ್ ಕೋರ್ಟ್ ಮೆಟ್ಟಿಲೇರಿ, ಬರೀ ಮೈ ಕಾಣಿಸಿದ ಮಾತ್ರಕ್ಕೆ ಅಶ್ಲೀಲ ಅಲ್ಲ ಅಂತ 1957ರಲ್ಲಿ ತೀರ್ಪು ಬಂತು. ಬಾಗಿಲು ಸ್ವಲ್ಪ ತೆರೀತು.

ಡೈರೆಕ್ಟರ್ ರಸ್ ಮೆಯರ್ ಎರಡನೇ ಮಹಾಯುದ್ಧದಲ್ಲಿ ಆರ್ಮಿ ಕ್ಯಾಮೆರಾಮನ್, ಆಮೇಲೆ ಪ್ಲೇಬಾಯ್‌ಗೆ ಫೋಟೋ ತೆಗೀತಿದ್ದವ. ದುಡ್ಡಿನ ಪಾರ್ಟ್ನರ್ ಪೀಟರ್ ಡಿಸೆಂಜಿ, ಬರ್ಲೆಸ್ಕ್ ಥಿಯೇಟರ್, ಅಂದ್ರೆ ಬಟ್ಟೆ ಬಿಚ್ಚೋ ಡ್ಯಾನ್ಸು, ಪೋಲಿ ಕಾಮಿಡಿ ಶೋಗಳ ಥಿಯೇಟರ್ ನಡೆಸ್ತಿದ್ದ ಆಸಾಮಿ. ಹೀರೋ ಬಿಲ್ ಟೀಸ್ ನಟನೇ ಅಲ್ಲ, ಮೆಯರ್‌ನ ಮಿಲಿಟರಿ ದೋಸ್ತ್, ಸಿನಿಮಾದಲ್ಲೂ ಅವನ ಹೆಸರನ್ನೇ ಇಟ್ಬಿಟ್ರು. ಹಲ್ಲಿನ ಕ್ಲಿನಿಕ್ಕೂ ಸೆಟ್ ಅಲ್ಲ, ಮೆಯರ್‌ನ ಸ್ವಂತ ಡೆಂಟಿಸ್ಟ್‌ದು.

ಡೈಲಾಗ್ ಯಾಕಿಲ್ಲ? ಶೂಟಿಂಗ್ ಟೈಮಲ್ಲಿ ಸೌಂಡ್ ರೆಕಾರ್ಡ್ ಮಾಡೋದು ಅಂದ್ರೆ ಇನ್ನಷ್ಟು ಜನ, ಇನ್ನಷ್ಟು ಖರ್ಚು. ಮೆಯರ್ ಮೊದ್ಲು ಕಂಪನಿಗಳಿಗೆ, ಹಿನ್ನೆಲೆ ದನಿ ವಿವರಿಸ್ತಾ ಹೋಗೋ ಇಂಡಸ್ಟ್ರಿಯಲ್ ಫಿಲ್ಮ್ ಮಾಡ್ತಿದ್ದವನಾದ್ರಿಂದ ಅದೇ ಗತ್ತು ಇಲ್ಲಿಗೂ ಬಂತು. ತೆರೆ ಮೇಲೆ ಬೆತ್ತಲೆ ಹುಡುಗಿ, ಹಿನ್ನೆಲೇಲಿ ಸ್ಕೂಲ್ ಮೇಷ್ಟ್ರ ಥರ ಗಂಭೀರವಾಗಿ ಏನೇನೋ ಕೊರೀತಿರೋ ದನಿ. ನಂಗಂತೂ ಇಡೀ ಸಿನಿಮಾದಲ್ಲಿ ನಿಜವಾಗ್ಲೂ ನಗು ಬಂದಿದ್ದು ಇದೊಂದಕ್ಕೇ. ಇನ್ನು ಟೀಸ್ ಯಾರನ್ನೂ ಮುಟ್ಟೋದೂ ಇಲ್ಲ, ಬರೀ ಕಣ್ ಕಣ್ ಬಿಡ್ತಾನೆ. ಅದೇನು ಮರ್ಯಾದೆ ಅಲ್ಲ, ಕೋರ್ಟ್ ಭಯ! ಮುಟ್ಟಿದ್ರೆ ಕೇಸು, ನೋಡಿದ್ರೆ ಕಾಮಿಡಿ. ಕಡೇಗೆ ಹುಚ್ಚು ಬಿಡಿಸ್ಕೊಳ್ಳೋಕೆ ಮನೋವೈದ್ಯೆ ಹತ್ರ ಹೋದ್ರೆ ಆ ಡಾಕ್ಟರಮ್ಮನೂ ಹಂಗೇ ಕಾಣ್ಬೇಕಾ, ಕಾಯಿಲೆನೇ ಚೆನ್ನಾಗಿದೆ ಅಂತ ಸುಮ್ಮನಾಗ್ತಾನೆ.

ಸ್ಯಾನ್ ಡಿಯಾಗೋದಲ್ಲಿ ಮೊದಲ ಶೋ ನಡೀತಿರೋವಾಗ್ಲೇ ಪೊಲೀಸ್ನೋರು ಬಂದು ನಿಲ್ಲಿಸಿದ್ರು. ಆದ್ರೆ ಸಿಯಾಟಲ್‌ನಲ್ಲಿ ತಿಂಗಳುಗಟ್ಟಲೆ ಓಡ್ತು, ಒಟ್ಟು ಕಲೆಕ್ಷನ್ ಹತ್ತು ಲಕ್ಷ ಡಾಲರ್ ದಾಟ್ತು. ಅಷ್ಟು ಸಾಕಾಯ್ತು ನೋಡಿ, ಕ್ಯಾಮೆರಾ ಇದ್ದವರೆಲ್ಲ ಇದೇ ಫಾರ್ಮುಲಾಗೆ ಮುಗಿಬಿದ್ರು. ಮುಂದೆ 'ಗಾಡ್‌ಫಾದರ್' ತೆಗೆದ ಕೊಪೋಲಾ ಕೂಡ 1962ರಲ್ಲಿ ಇದೇ ಜಾತಿದೊಂದು ಮಾಡಿದ್ದ, 'ಟುನೈಟ್ ಫಾರ್ ಶೂರ್' ಅಂತ. ಎಲ್ರೂ ಅದನ್ನೇ ತೋರಿಸ್ತಾ ಹೋದ್ರೆ ಯಾರು ಟಿಕೆಟ್ ತಗೋತಾರೆ? ಮೆಯರ್‌ಗೇ ಅದು ಮೊದಲು ಅರ್ಥ ಆಗಿದ್ದು ಅನ್ಸುತ್ತೆ, 1964ರ 'ಲೋರ್ನಾ'ಗೆ ಬರೋಷ್ಟರಲ್ಲಿ ಕಲರ್ ಬಿಟ್ಟು ಬ್ಲ್ಯಾಕ್ ಅಂಡ್ ವೈಟ್‌ಗೆ ಹೋಗಿ, ಕಥೆ ಬರೆಸಿ, ಪಾತ್ರಗಳ ಬಾಯಲ್ಲಿ ಮಾತಾಡಿಸಿದ.