ಫ್ರಿಜ್ಜಿನೊಳಗೆ ಗಾಳಿಗೆ ದಾರಿ ಬಿಡಿ

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಎಲ್ಲರದ್ದೂ ಒಂದೇ ಮಾತು: "ಫ್ರಿಜ್ಜಲ್ಲಿ ಗ್ಯಾಸ್ ಖಾಲಿಯಾಗಿದೆ, ಬಂದು ತುಂಬಿಸಿಕೊಡಿ."

ಹೋದ ವರ್ಷ ಹಬ್ಬದ ಹಿಂದಿನ ದಿನ ಮಲ್ಲೇಶ್ವರದ ಒಂದು ಮನೆಗೆ ಹೋಗಿದ್ದೆ. ಡಬಲ್ ಡೋರ್ ಫ್ರಿಜ್. ಮೇಲೆ ಫ್ರೀಜರಿನಲ್ಲಿ ಐಸ್ ಕಲ್ಲಿನ ಹಾಗಿದೆ, ಕೆಳಗೆ ಮೊಸರು ಹುಳಿ ಬಂದಿದೆ. ಬಾಗಿಲು ತೆಗೆದರೆ ಬೆರಳು ತೂರಿಸಲೂ ಜಾಗ ಇಲ್ಲ. ಕೆ.ಆರ್. ಮಾರ್ಕೆಟ್ಟಿಂದ ತಂದ ಸೇವಂತಿಗೆ, ಮಲ್ಲಿಗೆಯ ಕವರುಗಳು, ಒಬ್ಬಟ್ಟಿನ ಹೂರಣ, ಮೇಲಿನ ಶೆಲ್ಫಿನಲ್ಲಿ ಹಿಂಗೋಡೆಗೆ ಒತ್ತಿಕೊಂಡು ಕೂತ ದೋಸೆ ಹಿಟ್ಟಿನ ದೊಡ್ಡ ಸ್ಟೀಲ್ ಡಬ್ಬಿ.

ನಾನು ಬ್ಯಾಗ್ ತೆರೆಯಲೇ ಇಲ್ಲ. ಹಿಟ್ಟಿನ ಡಬ್ಬಿ ತೆಗೆದು ಕೆಳಗಿಟ್ಟೆ. ಅದರ ಹಿಂದೆ ಗೋಡೆಯಲ್ಲಿ ಉದ್ದನೆಯ ಕಿಂಡಿಗಳು. "ಅಮ್ಮಾ, ಇಲ್ಲಿ ಕೈ ಇಡಿ" ಅಂದೆ. ಬಾಗಿಲು ತೆಗೆದಾಗ ಬಹಳಷ್ಟು ಮಾಡೆಲ್ಲುಗಳಲ್ಲಿ ಫ್ಯಾನ್ ನಿಂತುಬಿಡುತ್ತದೆ, ಅದಕ್ಕೆ ಬಾಗಿಲ ಹತ್ತಿರದ ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ಹಿಡಿದೆ. ಲೈಟ್ ಆರಿತು, ಫ್ಯಾನ್ ತಿರುಗಿತು. "ಅಯ್ಯೋ, ಎಷ್ಟು ತಣ್ಣಗೆ ಬರ್ತಿದೆಯಲ್ಲಪ್ಪಾ!" ಎಂದರು ಅವರು. ಗ್ಯಾಸ್ ಇದ್ದಲ್ಲೇ ಇತ್ತು.

ಈ ಒಂದು ವಿಷಯ ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಇಲ್ಲೂ ಬಿಡಿಸಿ ಹೇಳುತ್ತೇನೆ. ಫ್ರಾಸ್ಟ್ ಫ್ರೀ, ಅಂದರೆ ಐಸನ್ನು ತಾನಾಗಿ ಕರಗಿಸಿಕೊಳ್ಳುವ, ಡಬಲ್ ಡೋರ್ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ತಂಪು ಮಾಡುವ ಕಾಯಿಲ್ ಇರುವುದು ಫ್ರೀಜರಿನ ಹಿಂದೆ, ಒಂದೇ ಒಂದು. ನೀವು ಹಾಲು, ತರಕಾರಿ ಇಡುವ ಕೆಳಗಿನ ಭಾಗಕ್ಕೆ ಸ್ವಂತ ತಂಪಿಲ್ಲ. ಫ್ಯಾನ್ ಮೇಲಿನ ತಣ್ಣನೆ ಗಾಳಿಯನ್ನು ಕಿಂಡಿಗಳಿಂದ ಕೆಳಗೆ ತಳ್ಳುತ್ತದೆ. ಆ ಗಾಳಿ ಪಾತ್ರೆಗಳ ಸಂದಿಯಲ್ಲಿ ಓಡಾಡಿ, ಬಿಸಿ ಎತ್ತಿಕೊಂಡು, ಇನ್ನೊಂದು ದಾರಿಯಲ್ಲಿ ಮತ್ತೆ ಕಾಯಿಲ್ ಹತ್ತಿರ ಹೋಗಬೇಕು. ಕಿಂಡಿಗೆ ಡಬ್ಬಿ ಅಡ್ಡ ಇಟ್ಟರೆ ಡಬ್ಬಿಯ ಹಿಂಭಾಗ ಮಾತ್ರ ತಣ್ಣಗಾಗುತ್ತದೆ. ಒಂದೇ ಶೆಲ್ಫಿನಲ್ಲಿ ಹಿಂದಿಟ್ಟ ಸೌತೆಕಾಯಿ ಐಸಾಗಿದೆ, ಮುಂದಿಟ್ಟ ಮೊಸರು ಹುಳಿಯಾಗಿದೆ ಅಂತ ಜನ ಆಶ್ಚರ್ಯಪಡುವುದು ಇದಕ್ಕೇ. ಆಗ ತಂಪಿನ ನಂಬರ್ ಜಾಸ್ತಿ ಮಾಡಿದರೆ ಸೌತೆಕಾಯಿ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಫ್ರಿಜ್ಜನ್ನು ತಂಪು ಮಾಡುವ ಈ ಗ್ಯಾಸ್ ಅನ್ನುವುದು ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಎಲ್ಲೋ ಲೀಕ್ ಆದರೆ ಮಾತ್ರ ಹೋಗುತ್ತದೆ. ಲೀಕ್ ಎಲ್ಲಿದೆ ಅಂತ ತೋರಿಸದೆ ಯಾರಾದರೂ ಗ್ಯಾಸ್ ತುಂಬಿಸಲು ಹೊರಟರೆ, ದಯವಿಟ್ಟು ತಡೆದು ಕೇಳಿ. ಗ್ಯಾಸ್ ಕಡಿಮೆಯಾದರೆ ಸಾಮಾನ್ಯವಾಗಿ ಫ್ರೀಜರ್ ಕೂಡ ಸೊರಗುತ್ತದೆ. ಮೇಲೆ ಐಸ್ ಚೆನ್ನಾಗಿದ್ದು ಕೆಳಗೆ ಮಾತ್ರ ತಂಪಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಗಾಳಿಯ ದಾರಿ.

ಯಾವಾಗಲೂ ಡಬ್ಬಿಯದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕಾಯಿಲ್ ಮೇಲಿನ ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರ್ ಅಥವಾ ಅದರ ಸೆನ್ಸರ್ ಕೆಟ್ಟರೆ ಕಾಯಿಲ್ ಸುತ್ತ ಐಸ್ ಕಟ್ಟಿ ಆಗಲೂ ಗಾಳಿ ನಿಲ್ಲುತ್ತದೆ. ಆ ಐಸ್ ಕರಗಲು ಸಾಮಾನು ಖಾಲಿ ಮಾಡಿ, ಪ್ಲಗ್ ತೆಗೆದು, ಬಾಗಿಲು ತೆರೆದು ಒಂದು ದಿನ ಬಿಡಿ. ಆಮೇಲೆ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಅದೇ ಕಥೆಯಾದರೆ ಮೆಕ್ಯಾನಿಕ್ ಕರೆಯಲೇಬೇಕು.

ನನಗೆ ತುಂಬಾ ಬೇಸರ ಆಗುವುದು ಶುಚಿಯಾಗಿ ಇಟ್ಟುಕೊಳ್ಳುವವರ ಮನೆಯಲ್ಲೇ ಈ ತೊಂದರೆ ಕಂಡಾಗ. ಶೆಲ್ಫ್ ಕೊಳೆಯಾಗಬಾರದು ಅಂತ ಅಂಚಿನಿಂದ ಅಂಚಿಗೆ ಹೂವಿನ ಚಿತ್ರದ ಪ್ಲಾಸ್ಟಿಕ್ ಮ್ಯಾಟ್ ಹಾಸಿರುತ್ತಾರೆ. ಕೆಲವರು ಪೇಪರ್ ಹಾಸುತ್ತಾರೆ. ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ತಳ್ಳಲು ಫ್ಯಾನ್ ಕೂಡ ಇರುವುದಿಲ್ಲ, ಫ್ರೀಜರ್ ಪೆಟ್ಟಿಗೆಯಿಂದ ತಣ್ಣನೆ ಗಾಳಿ ಭಾರಕ್ಕೆ ತಾನಾಗಿ ಇಳಿಯಬೇಕು. ಜಾಲರಿ ಶೆಲ್ಫ್ ಇರುವುದು, ಗಾಜಿನ ಶೆಲ್ಫಿನ ಹಿಂದೆ ಮುಂದೆ ಸಂದಿ ಬಿಟ್ಟಿರುವುದು ಅದಕ್ಕೇ. ಮ್ಯಾಟ್ ಬೇಕೇ ಬೇಕು ಅಂದರೆ ಆ ಸಂದಿ ಬಿಟ್ಟು ಕತ್ತರಿಸಿ ಹಾಸಿ.

ಅವರೆಕಾಯಿ ಕಾಲದಲ್ಲಿ ಹಿತಕವರೆ ಡಬ್ಬಿಗಳನ್ನು ಫ್ರೀಜರಿನ ತುಂಬ ಜೋಡಿಸಿ ವರ್ಷವಿಡೀ ಇಟ್ಟುಕೊಳ್ಳುವ ಆಸೆ ನನಗೂ ಗೊತ್ತು, ನಮ್ಮ ಮನೆಯಲ್ಲೂ ಇದೆ. ಆದರೆ ಫ್ರೀಜರಿನ ಹಿಂಗೋಡೆಗೆ ಎರಡು ಬೆರಳಷ್ಟು ಜಾಗ ಬಿಟ್ಟು ಇಡಿ. ಕೆಳಗೂ ಅಷ್ಟೇ. ಮುಕ್ಕಾಲು ಭಾಗ ತುಂಬಿದರೆ ಸಾಕು.

ಇನ್ನು ಜೋಡಿಸುವುದು. ಬಾಗಿಲು ಎಲ್ಲಕ್ಕಿಂತ ಬೆಚ್ಚಗಿನ ಜಾಗ, ತೆರೆದಾಗಲೆಲ್ಲ ಹೊರಗಿನ ಗಾಳಿ ಬಡಿಯುತ್ತದೆ. ಅಲ್ಲಿ ಉಪ್ಪಿನಕಾಯಿ, ಸಾಸ್ ಇರಲಿ. ನಂದಿನಿ ಪ್ಯಾಕೆಟ್ಟು ಒಳಗಿನ ಶೆಲ್ಫಿಗೆ ಹೋಗಲಿ, ಒಂದು ಪಾತ್ರೆಯಲ್ಲಿಟ್ಟು, ಯಾಕೆಂದರೆ ಸೋರುತ್ತದೆ. ಹಸಿ ಮಾಂಸ, ಮೀನು ಮುಚ್ಚಳದ ಡಬ್ಬಿಯಲ್ಲಿ, ಮಾಡಿದ ಅಡುಗೆ ಇಟ್ಟ ಶೆಲ್ಫಿನ ಕೆಳಗೆ. ಬಿಸಿ ಸಾರಿನ ಆವಿ ಆರಲಿ, ಆದರೆ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಅನುಮಾನವಿದ್ದರೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಹಾಕಿ ನಡು ಶೆಲ್ಫಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಮೈ ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ಒರೆಸುವುದು ನಿಮಗೆ ಗೊತ್ತೇ ಇದೆ. ಎರಡೇ ಮಾತು. ಹಿಂದುಗಡೆ ಕಂಪ್ರೆಸರ್ ಹತ್ತಿರದ ನೀರಿನ ಟ್ರೇಯನ್ನು ವಾರಕ್ಕೊಮ್ಮೆ ನೋಡಿ. ಡೆಂಗಿ ಸೊಳ್ಳೆ ನಿಂತ ನೀರಲ್ಲಿ ಮೊಟ್ಟೆ ಇಡುತ್ತದೆ, ಆ ಟ್ರೇಯಲ್ಲಿ ಹುಳು ಮಿಸುಕಾಡುವುದನ್ನು ನಾನೇ ಕಂಡಿದ್ದೇನೆ. ಇನ್ನು, ಫ್ರೀಜರಿನ ಐಸನ್ನು ಚಾಕುವಿನಿಂದ ಕೆರೆಯಬೇಡಿ, ದಯವಿಟ್ಟು. ಸಿಂಗಲ್ ಡೋರಿನಲ್ಲಿ ಆ ತೆಳು ತಗಡಿನ ಒಳಗೇ ಗ್ಯಾಸ್ ಓಡುತ್ತಿರುತ್ತದೆ. ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿರುವ ಆರ್600ಎ ಬೆಂಕಿ ಹತ್ತುವ ಗ್ಯಾಸ್. ತೂತಾದ ಅನುಮಾನ ಬಂದರೆ ಒಲೆ ಆರಿಸಿ, ಕಿಟಕಿ ತೆರೆಯಿರಿ, ಸ್ವಿಚ್ಚು ಮುಟ್ಟದೆ ದೂರ ನಿಂತು ಫೋನ್ ಮಾಡಿ.

ಮಲ್ಲೇಶ್ವರದ ಆ ಅಮ್ಮ ಹಬ್ಬ ಮುಗಿದ ಮೇಲೆ ಫೋನ್ ಮಾಡಿದ್ದರು. ಮೊಸರು ಮೂರು ದಿನವಾದರೂ ಹುಳಿ ಬಂದಿಲ್ಲವಂತೆ. "ಹಿಟ್ಟಿನ ಡಬ್ಬಿ ಎಲ್ಲಿಡಲಪ್ಪಾ?" ಅಂದರು. ಎರಡು ಸಣ್ಣ ಡಬ್ಬಿ ಮಾಡಿಕೊಳ್ಳಿ, ಕೆಳಗಿನ ಶೆಲ್ಫಿನಲ್ಲಿ ಮುಂದಕ್ಕಿಡಿ, ಉಕ್ಕಿದರೆ ಹಿಡಿಯಲು ಅಡಿಗೊಂದು ತಟ್ಟೆ ಇರಲಿ ಅಂದೆ.