ಬೇಡದ ಕರುವಿನ ಲೆಕ್ಕ

ಹಸು ಹಾಲು ಕೊಡಬೇಕಾದರೆ ಮೊದಲು ಈಯಬೇಕು. ಈದ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹಾಲಿಗಾಗಿಯೇ ಹಸು ಕಟ್ಟಿದವನಿಗೆ ಆ ಗಂಡು ಕರುವಿನಿಂದ ಏನೂ ಆಗಬೇಕಿಲ್ಲ. ಹಾಗಾದರೆ ಅದಕ್ಕೊಂದು ಬೆಲೆ ಬರುವುದು ಎಲ್ಲಿಂದ?

ಇದನ್ನು ಕಾಣಲು ಐರ್ಲೆಂಡಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ ಹೈನುಗಾರಿಕೆ ನಿಂತಿರುವುದು ಹುಲ್ಲಿನ ಮೇಲೆ. ವಸಂತದಲ್ಲಿ ಹುಲ್ಲು ಚಿಗುರುವ ಹೊತ್ತಿಗೆ ಹಸುವಿನ ಕೆಚ್ಚಲೂ ತುಂಬಿರಬೇಕೆಂದು ಬಹುಪಾಲು ಹಸುಗಳು ಫೆಬ್ರವರಿ, ಮಾರ್ಚ್ ತಿಂಗಳಲ್ಲೇ ಈಯುವಂತೆ ಗಬ್ಬ ಕಟ್ಟಿಸುತ್ತಾರೆ. 1984ರಲ್ಲಿ ಯುರೋಪು ಹಾಲಿನ ಉತ್ಪಾದನೆಗೆ ಹಾಕಿದ್ದ ಮಿತಿ 2015ರಲ್ಲಿ ತೆಗೆದುಹೋಯಿತು. ಅದರ ಆಸುಪಾಸಿನ ವರ್ಷಗಳಲ್ಲಿ ಐರ್ಲೆಂಡಿನ ಹಾಲಿನ ಹಸುಗಳು ಸುಮಾರು 11 ಲಕ್ಷದಿಂದ 16 ಲಕ್ಷದ ಹತ್ತಿರಕ್ಕೆ ಏರಿದವು. ಹಾಲು ಹೆಚ್ಚಿದ್ದು ಎಲ್ಲರಿಗೂ ಕಂಡಿತು. ಅದರ ಹಿಂದೆಯೇ ಎರಡು ತಿಂಗಳ ಇಕ್ಕಟ್ಟಿನಲ್ಲಿ ಲಕ್ಷಗಟ್ಟಲೆ ಕರುಗಳು ಮಾರುಕಟ್ಟೆಗೆ ಬಂದಿಳಿದವು. ಟೊಮೆಟೊ ಬೆಳೆದವರಿಗೆ ಈ ಕಥೆಯ ಮುಂದಿನ ಭಾಗ ಹೇಳಬೇಕಾಗಿಲ್ಲ.

ಕಾರ್ಕ್ ಜಿಲ್ಲೆಯ ಬ್ಯಾಂಡನ್ ಊರಿನಂಥ ಕಡೆ ಆ ದಿನಗಳಲ್ಲಿ ಕರುಗಳ ಹರಾಜು ನಡೆಯುತ್ತದೆ. ಕೊಳ್ಳುವವನು ಮೊದಲು ಬಗ್ಗಿ ನೋಡುವುದು ಹೊಕ್ಕುಳನ್ನು. ಅದು ಒಣಗಿರಬೇಕು, ಹಸಿಯಾಗಿದ್ದರೆ, ಊದಿದ್ದರೆ ಸೋಂಕಿನ ಭಯ. ಆಮೇಲೆ ಕಣ್ಣಿನ ಹೊಳಪು, ಮೂಗಿನ ತೇವ, ಬಾಲದಡಿ ಭೇದಿಯ ಕಲೆ. ಕೊನೆಗೆ ಕರುವನ್ನು ಹಿಂದಿನಿಂದ ನಿಂತು ನೋಡುತ್ತಾನೆ. ತೊಡೆ ಅಗಲವಾಗಿ ತುಂಬಿಕೊಂಡಿದ್ದರೆ ಕೈ ಮೇಲೇಳುತ್ತದೆ. ಹೆಚ್ಚು ಹಾಲಿಗೆಂದೇ ಬೆಳೆಸಿದ ಹೋಲ್‌ಸ್ಟೀನ್ ತಳಿಯ ಕರುವಿನಂತೆ ಹಿಂಭಾಗ ಚೂಪಾಗಿ, ಮೂಳೆ ಎದ್ದು ಕಂಡರೆ ಹರಾಜುಗಾರನ ಗಂಟಲು ಒಣಗಿದರೂ ಬೆಲೆ ಏರುವುದಿಲ್ಲ.

ಕೊಂಡವನ ಮುಂದಿರುವುದು ಕರುವನ್ನು ಮಾಂಸಕ್ಕಾಗಿ ಬೆಳೆಸುವ ಎರಡು ವರ್ಷದ ಕೆಲಸ. ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ. ಅವು ಸಿಗುವುದು ಗಿಣ್ಣು ಹಾಲಿನಿಂದ ಮಾತ್ರ, ನಾವು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ತಿನ್ನುವ ಅದೇ ಗಿಣ್ಣು. ಮೊದಲ ಕರಾವಿನ ಹಾಲು, ಎರಡು ಗಂಟೆಯೊಳಗೆ, ಮೂರು ಲೀಟರು: ಐರ್ಲೆಂಡಿನ ರೈತರಿಗೆ ಹೇಳಿಕೊಡುವ ಒಂದು, ಎರಡು, ಮೂರರ ಮಗ್ಗಿ ಇದು. ಕರುವಿನ ಕರುಳು ಒಂದು ದಿನ ಕಳೆಯುವಷ್ಟರಲ್ಲಿ ಪ್ರತಿಕಾಯಗಳಿಗೆ ಬಾಗಿಲು ಮುಚ್ಚಿಬಿಡುತ್ತದೆ. ಗಿಣ್ಣು ಕುಡಿಸಬೇಕಾದವನು ಮಾರುವವನು; ಕುಡಿಸದೆ ಬಿಟ್ಟರೆ ಔಷಧಿಯ ಖರ್ಚು ಕೊಂಡವನದು. ಹರಾಜಿನಲ್ಲಿ ನಿಂತ ಕರುವಿನ ಮುಖ ನೋಡಿ ಅದು ಎಷ್ಟು ಗಿಣ್ಣು ಕುಡಿದಿದೆ ಎಂದು ಯಾರೂ ಹೇಳಲಾರರು.

ಆಮೇಲೆ ಒಂದು ಚೀಲ ಹಾಲಿನ ಪುಡಿ, ಜೊತೆಗೆ ಹಿಂಡಿ. ಹಿಂಡಿ ಹೊಟ್ಟೆಯಲ್ಲಿ ಹುದುಗಿದಾಗ ಹುಟ್ಟುವ ಬ್ಯುಟೈರಿಕ್ ಆಮ್ಲವೇ ಮೆಲುಕು ಹೊಟ್ಟೆಯ ಗೋಡೆಯನ್ನು ಬೆಳೆಸುತ್ತದೆ. ಕರು ದಿನಕ್ಕೆ ಒಂದು ಕಿಲೋ ಹಿಂಡಿ ತಿನ್ನತೊಡಗಿದರೆ ಹಾಲು ಬಿಡಿಸಬಹುದು. ಅಲ್ಲಿಂದ ಮುಂದೆ ಹುಲ್ಲು ಕೈಹಿಡಿಯುತ್ತದೆ. ಮೇವುಗಳಲ್ಲೆಲ್ಲ ಅಗ್ಗದ್ದು ಪ್ರಾಣಿ ತಾನೇ ನಡೆದು ಹೋಗಿ ಮೇಯುವ ಹುಲ್ಲು. ಎರಡನೆಯ ಚಳಿಗಾಲದಲ್ಲಿ ಕೊಟ್ಟಿಗೆಯೊಳಗೆ ಕೂಡಿ ಹಾಕಿ ಕಾಳು ತಿನ್ನಿಸುವ ದಿನಗಳು ಹೆಚ್ಚಿದಷ್ಟೂ ಲಾಭ ಕರಗುತ್ತದೆ.

ಈಗ ಕೂಡಿ ಕಳೆಯೋಣ. 600 ಕಿಲೋ ತೂಗುವ ಎರಡು ಎತ್ತುಗಳಿವೆ ಎನ್ನಿ. ಒಂದು ಅಪ್ಪಟ ಹೋಲ್‌ಸ್ಟೀನ್, ಇನ್ನೊಂದಕ್ಕೆ ಮಾಂಸದ ತಳಿಯ ಅಪ್ಪ. ಮೊದಲನೆಯದರಲ್ಲಿ ಕಸಾಯಿಖಾನೆಯ ಕೊಕ್ಕೆಗೆ ಏರುವುದು ತೂಕದ ಅರ್ಧ, 300 ಕಿಲೋ. ಎರಡನೆಯದರಲ್ಲಿ ನೂರಕ್ಕೆ 54, ಅಂದರೆ 324 ಕಿಲೋ. ಕಿಲೋಗೆ ಐದು ಯೂರೋ ಸಿಕ್ಕಿದರೆ ಅಷ್ಟರಿಂದಲೇ 120 ಯೂರೋ ವ್ಯತ್ಯಾಸ. ಇದರ ಮೇಲೆ ಮೈಕಟ್ಟಿನ ದರ್ಜೆ ಬೇರೆ: ಇ, ಯು, ಆರ್, ಓ, ಪಿ ಎಂದು ಐದು ದರ್ಜೆ. ಹೋಲ್‌ಸ್ಟೀನಿನ ಸ್ಥಾನ ಸಾಮಾನ್ಯವಾಗಿ ಕೊನೆಯ ಎರಡರಲ್ಲಿ, ದರವೂ ಹಾಗೆಯೇ ಇಳಿಯುತ್ತದೆ.

ಕರುವಿನ ಬೆಲೆ ಈ ಲೆಕ್ಕದಲ್ಲಿ ಉಳಿಕೆ ಮಾತ್ರ. ಮಾಂಸಕ್ಕೆ ಬರುವ ಹಣದಲ್ಲಿ ಎರಡು ವರ್ಷದ ಖರ್ಚು, ಸಾಕಿದವನ ಕೂಲಿ ಕಳೆದು ಮಿಕ್ಕಿದ್ದೇ ಕರುವಿನ ಬೆಲೆ. ಮಾಂಸದ ದರ ಕಿಲೋಗೆ ಅರ್ಧ ಯೂರೋ ಇಳಿದರೆ 300 ಕಿಲೋಗೆ 150 ಯೂರೋ ಹೋಯಿತು. ನೂರು ಯೂರೋದ ಕರು ಆಗ ಶೂನ್ಯಕ್ಕಿಂತ ಕೆಳಗೆ. 1996ರಲ್ಲಿ ಹುಚ್ಚು ಹಸು ರೋಗದ ಭಯದಿಂದ ಬ್ರಿಟನ್ನಿನ ದನದ ಮಾಂಸದ ರಫ್ತು ನಿಂತಾಗ ಇದು ನಿಜವಾಗಿಯೂ ನಡೆಯಿತು. ಹುಟ್ಟಿದ ಕೆಲವೇ ದಿನಗಳ ಕರುಗಳನ್ನು ಕೊಲ್ಲಲು 1999ರವರೆಗೆ ರೈತರಿಗೆ ಸಾರ್ವಜನಿಕ ಹಣ ಸಂದಾಯವಾಯಿತು. ಅಮೆರಿಕದಲ್ಲಿ ಈಚೆಗೆ ಇದು ತಿರುಗಿ ಬಿದ್ದಿದೆ. ಅಲ್ಲಿನ ದನಗಳ ಒಟ್ಟು ಸಂಖ್ಯೆ 2025ರ ಆರಂಭಕ್ಕೆ 1951ರ ನಂತರದ ಕನಿಷ್ಠ ಮಟ್ಟ ಮುಟ್ಟಿತು, ಹೈನು ಹಸುವಿಗೆ ಮಾಂಸದ ಹೋರಿಯಿಂದ ಹುಟ್ಟಿದ ಎಳೆಗರುವಿಗೆ ಕಂಡು ಕೇಳರಿಯದ ಬೆಲೆ ಬಂತು.

ಆದರೆ ನನ್ನ ಕಣ್ಣಿಗೆ ಕುತೂಹಲದ ಗಂಟು ಇರುವುದು ಬೇರೆ ಕಡೆ. ಕರುವಿನ ತೊಡೆ ತುಂಬುತ್ತದೆಯೇ ಇಲ್ಲವೇ ಎಂಬುದು ಹರಾಜಿಗೆ ಹತ್ತು ತಿಂಗಳು ಮೊದಲೇ, ಕೃತಕ ಗರ್ಭಧಾರಣೆಗೆ ಯಾವ ಹೋರಿಯ ವೀರ್ಯನಳಿಕೆ ಬಳಸಿದರು ಎಂಬುದರಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆರಿಸುವವನು ಹಾಲಿನವನು. ಅವನಿಗೆ ಬೇಕಾದದ್ದು ಸಣ್ಣ ಕರು, ಸಲೀಸಾದ ಹೆರಿಗೆ, ಬೇಗ ಕೊನೆಯಾಗುವ ಗಬ್ಬ. ಲಿಮೋಸಿನ್ ಎಂಬ ಮಾಂಸದ ತಳಿಯ ಹೋರಿಯ ಕರು ಹೊಟ್ಟೆಯಲ್ಲಿ ವಾರದಷ್ಟು ಹೆಚ್ಚು ಕೂರುತ್ತದೆ. ಆ ವಾರದ ಹಾಲು ಅವನಿಗೆ ನಷ್ಟ. ಹೀಗಾಗಿ ಅವನು ಹೆರಿಗೆ ಸುಲಭವಾಗಿಸುವ ಆಂಗಸ್ ಎಂಬ ಇನ್ನೊಂದು ಮಾಂಸದ ತಳಿಯ ಹೋರಿಯತ್ತ ವಾಲುತ್ತಾನೆ, ಅದರಲ್ಲೂ ಅತಿ ಸಣ್ಣ ಕರು ಕೊಡುವುದನ್ನು ಹುಡುಕುತ್ತಾನೆ. ಎರಡು ವರ್ಷದ ನಂತರ ತಕ್ಕಡಿಯ ಮುಂದೆ ನಿಲ್ಲುವವನು ಬೇರೆ. ಒಬ್ಬ ಬಿತ್ತನೆ ಆರಿಸಿದರೆ ಇನ್ನೊಬ್ಬ ಬೆಳೆ ಕೊಯ್ಯಬೇಕು.

ಈ ಬಿರುಕನ್ನು ಮುಚ್ಚಲು ಐರ್ಲೆಂಡಿನ ಜಾನುವಾರು ತಳಿ ಒಕ್ಕೂಟ 2019ರಲ್ಲಿ ಹೋರಿಗಳಿಗೆ ಹೊಸ ಅಂಕಪಟ್ಟಿ ತಂದಿತು. ಹೆರಿಗೆಯ ಸುಲಭವನ್ನೂ ಮಾಂಸದ ತೂಕವನ್ನೂ ಯೂರೋ ಲೆಕ್ಕಕ್ಕೆ ತಂದು ಒಂದೇ ಅಂಕಿಯಲ್ಲಿ ಕೂಡಿಸುವುದು ಅದರ ಉಪಾಯ. ಇನ್ನೊಂದು ಸಾಧನ ಲಿಂಗ ಬೇರ್ಪಡಿಸಿದ ವೀರ್ಯ. ಹೆಣ್ಣು ಕರು ಕೊಡುವ ಎಕ್ಸ್ ವೀರ್ಯಾಣುವಿನಲ್ಲಿ ಗಂಡು ಕರು ಕೊಡುವ ವೈಗಿಂತ ನೂರಕ್ಕೆ ಸುಮಾರು ನಾಲ್ಕರಷ್ಟು ಹೆಚ್ಚು ಡಿಎನ್ಎ ಇದೆ. ಬಣ್ಣ ಹಿಡಿಸಿ ಲೇಸರ್ ಬೆಳಕಿನಲ್ಲಿ ಹಾಯಿಸಿದರೆ ಅದು ತುಸು ಹೆಚ್ಚು ಹೊಳೆಯುತ್ತದೆ. ಯಂತ್ರ ಅಷ್ಟರಲ್ಲೇ ಗುರುತಿಸಿ ಬೇರ್ಪಡಿಸುತ್ತದೆ. ಈ ನಳಿಕೆಯಿಂದ ಹತ್ತರಲ್ಲಿ ಒಂಬತ್ತು ಕರು ಹೆಣ್ಣು. ಮಂದೆಯ ಒಳ್ಳೆಯ ಹಸುಗಳಿಗೆ ಇದನ್ನು ಕೊಟ್ಟು ಮುಂದಿನ ಪೀಳಿಗೆಯನ್ನು ಪಡೆದರೆ, ಉಳಿದವನ್ನೆಲ್ಲ ಮಾಂಸದ ಹೋರಿಗೆ ಬಿಡಬಹುದು.

ಕರ್ನಾಟಕದಲ್ಲಿ ಈ ಉಪಾಯದ ಮೊದಲರ್ಧ ಮಾತ್ರ ನಡೆಯುತ್ತದೆ. ಇಲ್ಲಿಯೂ ಸೀಮೆ ಹಸುವಿನ ಗಂಡು ಕರು ಬೇಡದ ಕರುವೇ. ಅದಕ್ಕೆ ನೊಗ ಕೂರುವಂಥ ಹಿಣಿಲಿಲ್ಲ, ಬಿಸಿಲು ತಡೆಯುವುದಿಲ್ಲ, ಉಳುವ ಕೆಲಸವನ್ನು ಟ್ರ್ಯಾಕ್ಟರ್ ಆಗಲೇ ಕಿತ್ತುಕೊಂಡಿದೆ. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನಿನಡಿ 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟರೆ ಜಾನುವಾರು ವಧೆಗೆ ಅವಕಾಶವಿಲ್ಲ. ಅಲ್ಲಿಗೆ ಉಳಿಕೆ ಲೆಕ್ಕ ಹಾಕಲು ಕೊನೆಯ ಬೆಲೆಯೇ ಇಲ್ಲ, ಮೇವಿನ ಖರ್ಚು ಮಾತ್ರ ಇದೆ. ಹಸು ಬೆದೆಗೆ ಬಂದಾಗ ವೀರ್ಯನಳಿಕೆಗಳನ್ನಿಟ್ಟ ದ್ರವ ಸಾರಜನಕದ ಕ್ಯಾನು ಹಿಡಿದು ಬಾಗಿಲಿಗೆ ಬಂದವರನ್ನು ರೈತ ಕೇಳುವುದು ಹೋರಿಯ ತಳಿಯನ್ನಲ್ಲ. ಹೆಣ್ಣು ಕರುವಿನ ಇಂಜೆಕ್ಷನ್ ಇದೆಯೇ ಎಂದು ಕೇಳುತ್ತಾನೆ.