ಮನೆಯಲ್ಲಿ ಮೂರು ಭಾಷೆ ಇದ್ದರೆ ಮಗುವಿಗೆ ಮಾತು ತಡವಾಗುತ್ತದಾ?

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ತುಂಬಿತು. ಹೇಳಿದ್ದೆಲ್ಲ ತಿಳಿಯುತ್ತದೆ, ಮಾತು ಮಾತ್ರ ಸರಿಯಾಗಿ ಬಂದಿಲ್ಲ. ನಾವು ಕನ್ನಡ ಮಾತಾಡುತ್ತೇವೆ, ನಮ್ಮತ್ತೆ ಮರಾಠಿ, ಓಣಿ ತುಂಬ ಉರ್ದು. ಇಷ್ಟೊಂದು ಭಾಷೆ ಕೇಳಿ ಅವನಿಗೆ ಗೊಂದಲ ಆಗಿದೆ ಅಂತ ಎಲ್ಲರೂ ಹೇಳುತ್ತಾರೆ. ಅತ್ತೆಗೆ ಮರಾಠಿ ಬಿಡಲು ಹೇಳಬೇಕಾ? (ಬಸವಕಲ್ಯಾಣದಿಂದ ಒಬ್ಬ ತಾಯಿ)

ಬೇಡ. ದಯವಿಟ್ಟು ಹೇಳಬೇಡಿ.

ಇದೇ ಪ್ರಶ್ನೆ ಆಳಂದದಿಂದ ಬರುತ್ತದೆ, ಭಾಲ್ಕಿಯಿಂದ ಬರುತ್ತದೆ. ಗುರುಮಠಕಲ್‌ನವರು ಕೇಳಿದರೆ ಮರಾಠಿಯ ಜಾಗದಲ್ಲಿ ತೆಲುಗು ಇರುತ್ತದೆ, ತಾಂಡಾದವರು ಕೇಳಿದರೆ ಲಂಬಾಣಿ. ಉತ್ತರ ಎಲ್ಲರಿಗೂ ಒಂದೇ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಇವತ್ತು ಬಿಡಿಸಿ ಬರೆಯುತ್ತೇನೆ. ಮನೆಯ ಹಿರಿಯರಿಗೂ ಓದಿ ಹೇಳಿ.

ಮೊದಲು ಸುಮ್ನೆ ಸುತ್ತ ನೋಡಿ. ಬೀದರ್ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಎರಡು ಮೂರು ಭಾಷೆ ನಡೆಯುತ್ತವೆ. ಭಾಷೆ ಜಾಸ್ತಿ ಆದರೆ ಮಾತು ತಡ ಅನ್ನುವುದು ನಿಜ ಆಗಿದ್ದರೆ ಈ ಮನೆಗಳ ಮಕ್ಕಳೆಲ್ಲ ತಡವಾಗಿ ಮಾತಾಡಬೇಕಿತ್ತು. ಹಾಗಾಗಿಲ್ಲ ಅಲ್ವಾ? ಒಂದೇ ಭಾಷೆ ಕೇಳಿ ಬೆಳೆಯುವ ಮಗು ಸುಮಾರು ಒಂದು ವರ್ಷಕ್ಕೆ ಮೊದಲ ಪದ ಆಡುತ್ತದೆ, ಎರಡು ವರ್ಷದ ಹೊತ್ತಿಗೆ ಎರಡು ಪದ ಜೋಡಿಸುತ್ತದೆ. ಎರಡು ಭಾಷೆ ಕೇಳುವ ಮಗುವೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಅಲ್ಲಿಗೆ ಬರುತ್ತದೆ. ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ತೋರಿಸಿವೆ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಬಹಳ ಸಲ ಎಣಿಕೆಯ ತಪ್ಪಿನಿಂದ. ಎರಡು ವರ್ಷದ ಮಗುವಿಗೆ ಸುಮಾರು 50 ಪದ ಬರಬೇಕು ಅಂತ ನಾವು ನೋಡುತ್ತೇವೆ. ತಾಯಿ ಕನ್ನಡದ ಪದ ಎಣಿಸಿ 28 ಇವೆ ಅಂತ ಹೆದರುತ್ತಾರೆ. ಅದೇ ಮಗು ಅಜ್ಜಿಯ ಹತ್ತಿರ ಮರಾಠಿಯ ಹದಿನೈದು ಪದ ಆಡುತ್ತದೆ, ಓಣಿಯಲ್ಲಿ ಉರ್ದುವಿನ ಹತ್ತು. ಅವನ್ನು ಯಾರೂ ಎಣಿಸಿರುವುದಿಲ್ಲ. ಎಲ್ಲ ಕೂಡಿಸಿ. ಹಸುವಿಗೆ ‘ಅಂಬಾ’, ಆಟೋಕ್ಕೆ ‘ಡುರ್ರ್’ ಅಂತ ಯಾವಾಗಲೂ ಅದೇ ಸದ್ದು ಮಾಡುತ್ತಿದ್ದರೆ ಅವೂ ಪದಗಳೇ. ಬರೆದುಕೊಳ್ಳಿ.

ಇನ್ನು ಬೆರೆಸಿ ಮಾತಾಡುವುದು. ‘ಪಾನಿ ಬೇಕು’ ಅಂದರೆ ಮನೆಯವರು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನನಗೆ ಅದು ಸಂತೋಷದ ಸುದ್ದಿ. ಎರಡು ಪದ ಸರಿಯಾದ ಕ್ರಮದಲ್ಲಿ ಜೋಡಿಸಿದ ಪೂರ್ತಿ ವಾಕ್ಯ ಅದು! ನೀವೂ ‘ಟೈಮ್ ಆಯ್ತು, ಜಲ್ದಿ ಬಾ’ ಅನ್ನುತ್ತೀರಿ. ನಿಮಗೆ ಗೊಂದಲ ಇಲ್ಲ ಅಂದ ಮೇಲೆ ಮಗುವಿಗೆ ಯಾಕೆ ಇರಬೇಕು? ಇನ್ನೊಂದು ಗಮನಿಸಿ. ಅಜ್ಜಿ ಬಂದರೆ ಮರಾಠಿ, ಅಪ್ಪ ಬಂದರೆ ಕನ್ನಡ ಅಂತ ಎರಡು ವರ್ಷದ ಮಗು ತಾನೇ ಆರಿಸಿಕೊಳ್ಳುತ್ತದೆ. ಗೊಂದಲ ಆದವರು ಹೀಗೆ ಮಾಡಲು ಸಾಧ್ಯವೇ ಇಲ್ಲ.

ಮಾತಿಗೆ ನಿಜವಾದ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಒಂದನ್ನು ಬಿಟ್ಟರೆ ಇನ್ನೊಂದು ಸುಧಾರಿಸುವುದಿಲ್ಲ. ಆದರೆ ಅಜ್ಜಿಗೆ ಮರಾಠಿ ಬಿಡಿ ಅಂದರೆ ಏನಾಗುತ್ತದೆ ಗೊತ್ತಾ? ಬಾರದ ಕನ್ನಡದಲ್ಲಿ ‘ಬಾ’, ‘ಊಟ ಮಾಡು’ ಅಂತ ಎರಡು ಮಾತಿಗೆ ನಿಂತುಬಿಡುತ್ತಾರೆ. ಕಥೆ ನಿಲ್ಲುತ್ತದೆ, ಹಾಡು ನಿಲ್ಲುತ್ತದೆ. ದಿನವಿಡೀ ಮಗುವಿನ ಜೊತೆ ಮಾತಾಡುತ್ತಿದ್ದವರ ಬಾಯಿ ಕಟ್ಟಿದ ಹಾಗಾಯಿತು. ಸ್ಪೀಚ್ ಥೆರಪಿಗೆ ಬಂದ ಮನೆಗಳಲ್ಲಿ ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮಗುವಿಗೆ ಬೇಕಾದ್ದು ಜಾಸ್ತಿ ಮಾತು. ನಾವು ಕೊಡುತ್ತಿರುವುದು ಕಡಿಮೆ.

ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದಾ ಅಂತಲೂ ಕೇಳುತ್ತಾರೆ. ಅದರಿಂದ ಮಾತು ಬರುವುದಿಲ್ಲ. ಜೇನಿನಲ್ಲಿ ತೇಯ್ದು ಒಂದು ವರ್ಷದ ಒಳಗಿನ ಮಗುವಿಗಂತೂ ಖಂಡಿತ ಕೊಡಬೇಡಿ. ಆ ವಯಸ್ಸಿಗೆ ಜೇನು ಅಪಾಯ.

ತಡವಾಗಿ ಮಾತಾಡುವ ಮಕ್ಕಳ ಚೇಷ್ಟೆಗಳು ನನಗೆ ಬಲು ಇಷ್ಟ. ಮಾತಿಲ್ಲದೆಯೇ ಇಡೀ ಮನೆಯನ್ನು ನಡೆಸುತ್ತಾರೆ. ಹೊರಗೆ ಹೋಗಬೇಕಾದರೆ ಅಪ್ಪನ ಚಪ್ಪಲಿ ತಂದು ಕಾಲ ಹತ್ತಿರ ಇಡುತ್ತಾರೆ. ಅಪ್ಪ ಏಳದಿದ್ದರೆ ಗಾಡಿಯ ಕೀಲಿ ತರುತ್ತಾರೆ. ಕುಕ್ಕರ್ ಸೀಟಿ ಹೊಡೆದರೆ ತಟ್ಟೆ ಹಿಡಿದು ಬಂದು ಕೂರುತ್ತಾರೆ. ಬಿಸ್ಕಿಟ್ ಮುಗಿದಿದೆ ಅಂದರೆ ನಂಬದೆ ಡಬ್ಬಿಯ ಮುಚ್ಚಳ ತೆಗೆಸಿ, ಒಳಗೆ ಕೈ ಹಾಕಿ ನೋಡಿ, ನಮ್ಮ ಮುಖ ನೋಡುತ್ತಾರೆ. ಇವೆಲ್ಲ ಒಳ್ಳೆಯ ಲಕ್ಷಣ. ಮಗು ಬೆರಳು ತೋರಿಸುತ್ತದಾ? ತೋರಿಸಿ ನಿಮ್ಮ ಮುಖ ನೋಡುತ್ತದಾ? ಹೇಳಿದ್ದನ್ನು ತರುತ್ತದಾ? ಹಾಗಿದ್ದರೆ ಮಾತಿನ ಬುನಾದಿ ಬಿದ್ದಿದೆ. ಇಂಥ ಮಕ್ಕಳಲ್ಲಿ ಬಹಳ ಮಂದಿ ಮುಂದೆ ಉಳಿದವರ ಸಮಕ್ಕೆ ಬರುತ್ತಾರೆ. ಮುಖ ನೋಡದೆ, ನಿಮ್ಮ ಕೈಯನ್ನು ಒಂದು ವಸ್ತುವಿನ ಹಾಗೆ ಹಿಡಿದು ಎಳೆದೊಯ್ಯುವುದು ಬೇರೆ. ಅದನ್ನು ವೈದ್ಯರಿಗೆ ತೋರಿಸಿ ಕೇಳಬೇಕು.

ಹಾಗಂತ ‘ಅವರಪ್ಪನೂ ತಡವಾಗೇ ಮಾತಾಡಿದ್ದ’ ಅಂತ ನಾಲ್ಕು ವರ್ಷದವರೆಗೆ ಕಾಯಬೇಡಿ. ಒಂದು ವರ್ಷಕ್ಕೆ ಬೆರಳು ತೋರಿಸದಿದ್ದರೆ, 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ತೋರಿಸಿ. ಬಂದ ಮಾತು ಹೋದರೆ ಯಾವ ವಯಸ್ಸಾದರೂ ಕೂಡಲೇ ತೋರಿಸಿ. ಮೊದಲ ಕೆಲಸ ಕಿವಿಯ ಪರೀಕ್ಷೆ. ಬಾಗಿಲ ಸದ್ದಿಗೆ ತಿರುಗುವ ಮಗುವಿಗೂ ಮಾತಿನ ಸಣ್ಣ ಸದ್ದುಗಳು ಕೇಳದೆ ಇರಬಹುದು. ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಅಂತ ನೋಡುವ ಬೇರಾ (BERA) ಪರೀಕ್ಷೆಯನ್ನು ಮಗು ಮಲಗಿದಾಗಲೇ ಮಾಡುತ್ತಾರೆ, ನೋವಿಲ್ಲ. ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ವೈದ್ಯರ ತಂಡ ಬರುತ್ತದೆ. 2013ರಲ್ಲಿ ಶುರುವಾದ ಯೋಜನೆ ಅದು, ಪೂರ್ತಿ ಉಚಿತ. ಕಾರ್ಯಕರ್ತೆಗೆ ಹೇಳಿಟ್ಟರೆ ಬರುವ ದಿನ ತಿಳಿಸುತ್ತಾರೆ. ಮೊಬೈಲ್ ಬಗ್ಗೆ ಒಂದೇ ಮಾತು: ಎರಡು ವರ್ಷದವರೆಗೆ ಬೇಡ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಬೇಕು. ಮಾತು ಶುರುವಾದ ಮೇಲೆ ಈ ಮಕ್ಕಳು ಸಿಕ್ಕ ಒಂದು ಪದವನ್ನು ಎಲ್ಲದಕ್ಕೂ ಹಚ್ಚುತ್ತಾರೆ. ನಾಯಿಗೆ ‘ಭೌ’, ಎಮ್ಮೆಗೂ ‘ಭೌ’, ಕುರಿಗೂ ‘ಭೌ’. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಬಿಳಿ ಧೋತರದ ಹಿರಿಯರು ಕಂಡರೆ ಸಾಕು, ಎಲ್ಲರಿಗೂ ‘ಮುತ್ಯಾ’. ತನ್ನ ಮುತ್ಯಾನ ಗುರುತೇ ಇಲ್ಲವಾ ಅಂತ ತಾಯಂದಿರು ಗಾಬರಿಯಾಗುತ್ತಾರೆ. ಗುರುತು ಚೆನ್ನಾಗಿಯೇ ಇದೆ. ನಾಯಿ, ಎಮ್ಮೆ ಎರಡರ ಚಿತ್ರ ಮುಂದಿಟ್ಟು ‘ಎಮ್ಮೆ ಎಲ್ಲಿ?’ ಅಂತ ಕೇಳಿ ನೋಡಿ, ಬಹಳ ಸಲ ಎಮ್ಮೆಯನ್ನೇ ಮುಟ್ಟುತ್ತಾರೆ. ತಿಳಿದಿರುವುದು ಜಾಸ್ತಿ, ಬಾಯಿಗೆ ಬರುವ ಪದ ಕಡಿಮೆ. ಇದ್ದದ್ದರಲ್ಲೇ ಕೆಲಸ ಮುಗಿಸುತ್ತಾರೆ. ಆಗ ‘ತಪ್ಪು, ಸರಿಯಾಗಿ ಹೇಳು’ ಅಂತ ತಿದ್ದಬೇಡಿ. ‘ಹೌದು, ಎಮ್ಮೆ! ದೊಡ್ಡ ಎಮ್ಮೆ ಬಂತು’ ಅನ್ನಿ. ಅತ್ತೆ ಅದನ್ನೇ ಮರಾಠಿಯಲ್ಲಿ ಹೇಳಲಿ.